ಶಬ್ದದ ತಲೆ, ಶಬ್ದದ ಬಾಲ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕನ್ನಡ ಸಂಘದ ಉತ್ಸವದಲ್ಲಿ ಕನ್ನಡ ಕಲಿಸುವವರು ಎದ್ದು ನಿಂತು ಇಂಗ್ಲಿಷು ಶಬ್ದಗಳ ವಿಷಯವನ್ನು ಎತ್ತಿಕೊಂಡರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಸಿದ್ಧರಾಮೇಶ್ವರರ ಸೊನ್ನಲಿಗೆಯಲ್ಲಿ ನಿಂತು ವಚನಗಳ ವಿಷಯ ಹೇಳಬಾರದೆ ಎಂದು ಕೇಳುವವರೂ ಇರಬಹುದು. ಆ ವಿಷಯವನ್ನು ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆ ಎಷ್ಟೋ ಸಲ ಹೇಳಿದ್ದಾರೆ, ಮುಂದೆಯೂ ಹೇಳುವರು. ನಾವು ಇಂದು ಹೇಳಬೇಕೆಂದಿರುವುದು ನಮ್ಮ ಮಕ್ಕಳನ್ನು ದಿನವೂ ಕಾಡುವ ಒಂದು ತೊಡಕಿನ ಮಾತು. ಆ ತೊಡಕನ್ನು ಬಿಡಿಸುವ ಕೀಲಿಕೈ ಬೇರೆಲ್ಲಿಯೂ ಇಲ್ಲ, ಕನ್ನಡ ವ್ಯಾಕರಣದ ಪುಸ್ತಕದಲ್ಲಿಯೇ ಇದೆ ಎಂಬುದು ನಮ್ಮ ತಿಳಿವಳಿಕೆ. ಆದುದರಿಂದ ಈ ವಿಷಯವು ಕನ್ನಡ ಪಂಡಿತರಿಗೆ ಹೊರಗಿನದೇನಲ್ಲ.

ಗಡಿಭಾಗದ ಕನ್ನಡ ಶಾಲೆಯ ಮಗುವಿನ ಚೀಲವನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಬೇಕು. ಅದರಲ್ಲಿ ಪುಣೆಯ ಬಾಲಭಾರತಿಯವರು ಅಚ್ಚುಮಾಡಿಸಿದ ಕನ್ನಡ ಪುಸ್ತಕವಿದೆ. 1967ರಲ್ಲಿ ಹುಟ್ಟಿದ ಆ ಸಂಸ್ಥೆಯು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕ ಹೊರಡಿಸುತ್ತಿರುವುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಅದರ ಮಗ್ಗುಲಲ್ಲಿ ಮರಾಠಿಯ ಪುಸ್ತಕವಿದೆ. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿಯೂ ಅದು ಕಡ್ಡಾಯ. ನೆಲದ ಭಾಷೆಯನ್ನು ಕಲಿಯುವುದು ಯುಕ್ತವೇ ಆಗಿದೆ. ಇಂಗ್ಲಿಷಂತೂ 2000ದ ವರ್ಷದಿಂದ ಒಂದನೆಯ ಇಯತ್ತೆಯಲ್ಲಿಯೇ ಮೊದಲಾಗುತ್ತದೆ. ಮುಂದೆ ಹಿಂದಿಯೂ ಬಂದು ಕೂಡಿಕೊಳ್ಳುತ್ತದೆ. ಹೀಗೆ ನಾಲ್ಕು ಭಾಷೆಗಳನ್ನು ಹೊತ್ತು ನಡೆಯುವ ಮಕ್ಕಳಲ್ಲಿ ಅನೇಕರು ಮೂರನ್ನು ನಗುನಗುತ್ತ ಹೊರುತ್ತಾರೆ. ಇಂಗ್ಲಿಷಿನ ಮುಂದೆ ಮಾತ್ರ ಮೊಣಕಾಲು ಊರುತ್ತಾರೆ. ಆಗ ತಂದೆತಾಯಿಗಳು ಶಾಲೆಗೆ ಬರುತ್ತಾರೆ. "ಸರ, ಹುಡುಗ ಇಂಗ್ಲಿಷಿನ್ಯಾಗ ಹಿಂದ ಬಿದ್ದಾನ್ರಿ, ದಾಖಲಾ ಕೊಡ್ರಿ, ಇಂಗ್ಲಿಷ್ ಸಾಲಿಗೆ ಹಾಕ್ತೀವಿ" ಎನ್ನುತ್ತಾರೆ. ಅವರ ಚಿಂತೆ ಸುಳ್ಳಲ್ಲ. ಆದರೆ ರೋಗವನ್ನು ಸರಿಯಾಗಿ ಗುರುತಿಸದೆ ಊರು ಬಿಡಿಸುವ ಚಿಕಿತ್ಸೆ ಅದು ಎಂದು ನಮಗೆ ಅನ್ನಿಸುತ್ತದೆ.

ಹಾಗಾದರೆ ರೋಗವೇನು?

ನಮ್ಮ ಕನ್ನಡವು ಬಾಲದ ಕಡೆಯಿಂದ ಬೆಳೆಯುವ ಭಾಷೆ. 'ಮನೆ' ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಮನೆಗೆ, ಮನೆಯಿಂದ, ಮನೆಯಲ್ಲಿ, ಮನೆಯವರು, ಮನೆತನ, ಮನೆತನದವರಿಗೆ. ತಲೆ ಅಲುಗಾಡದೆ ನಿಂತಿದೆ, ಬಾಲವು ಉದ್ದವಾಗುತ್ತ ಹೋಗಿದೆ. 'ಮಾಡು' ಎಂಬ ಧಾತುವಿನ ಗತಿಯೂ ಅದೇ: ಮಾಡಿದನು, ಮಾಡಿಸಿದನು, ಮಾಡಲಾರನು, ಮಾಡದವನು. ಯಾರು, ಯಾವಾಗ, ಹೌದೋ ಅಲ್ಲವೋ ಎಂಬುದೆಲ್ಲವೂ ಕೊನೆಯಲ್ಲಿ ತಿಳಿಯುತ್ತದೆ. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ನಾಮ, ತದ್ಧಿತ, ಆಖ್ಯಾತ ಎಂದು ಪ್ರಕರಣಗಳನ್ನು ಮಾಡಿ ವಿವರಿಸಿದ್ದರಲ್ಲಿ ಬಹುಭಾಗ ಈ ಬಾಲದ ವಿಚಾರವೇ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಎಂಬ ಪಾದ್ರಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ, ಕನ್ನಡ, ತಮಿಳು, ತೆಲುಗು, ಮಲೆಯಾಳಗಳು ಒಂದು ಬೇರೆಯೇ ಮನೆತನದವೆಂದು ತೋರಿಸಿಕೊಟ್ಟನು. ಪ್ರತ್ಯಯವು ಶಬ್ದದ ಕೊನೆಗೆ ಹತ್ತುವುದು ಆ ಮನೆತನದ ನಡೆವಳಿಕೆ.

ಇಲ್ಲ, ಅಲ್ಲ ಎಂಬ ನಿಷೇಧಾರ್ಥವನ್ನೇ ನೋಡಿರಿ. ಕಾಣುವ, ಕಾಣದ; ತಿಳಿದ, ತಿಳಿಯದ; ಹಣವುಳ್ಳ, ಹಣವಿಲ್ಲದ. ಕನ್ನಡದಲ್ಲಿ ಇಲ್ಲವೆಂಬುದು ಬಾಲದಲ್ಲಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದು ಬಹಳ ಸಲ ತಲೆಯಲ್ಲಿ ಕೂಡುತ್ತದೆ: ಹ್ಯಾಪಿ, ಅನ್‌ಹ್ಯಾಪಿ, ಪಾಸಿಬಲ್, ಇಂಪಾಸಿಬಲ್, ಆನೆಸ್ಟ್, ಡಿಸ್‌ಆನೆಸ್ಟ್. ಇಂಗ್ಲಿಷಿಗೂ ಬಾಲವುಂಟು, ಇಲ್ಲವೆನ್ನಲಾಗದು. ಆದರೆ ಅರ್ಥವನ್ನು ತಲೆಕೆಳಗು ಮಾಡುವ ಶಕ್ತಿ ಅದರ ತಲೆಯಲ್ಲಿ ಹೆಚ್ಚು. ನಮ್ಮ ಮಗುವಿನ ಕಿವಿ ಹುಟ್ಟಿನಿಂದ ಬಾಲವನ್ನು ಕಾದು ಕೇಳಿ ಅಭ್ಯಾಸವಾದದ್ದು. ಓದುವಾಗ ಅದರ ಕಣ್ಣು ತಲೆಯನ್ನು ಹಾರಿ ಪರಿಚಯದ ಭಾಗದ ಮೇಲೆ ಹೋಗಿ ಕೂಡುವುದನ್ನು ನಾವು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇವೆ. ಮಗುವಿಗೆ ಬುದ್ಧಿ ಕಡಮೆಯಿಲ್ಲ. ಅದು ಕನ್ನಡದ ನ್ಯಾಯದಂತೆ ಓದುತ್ತಿದೆ, ಅಷ್ಟೆ. 'ತಲೆಯನ್ನು ಮೊದಲು ನೋಡು' ಎಂದು ಯಾರೂ ಅದಕ್ಕೆ ಹೇಳಿರುವುದಿಲ್ಲ.

ಆದರೆ ತಲೆಯಿಂದ ಬೆಳೆಯುವ ಶಬ್ದಗಳು ಕನ್ನಡಿಗರಿಗೆ ಅಪರಿಚಿತವೆ? ಎಷ್ಟು ಮಾತ್ರಕ್ಕೂ ಅಲ್ಲ. ಸಂಸ್ಕೃತದಿಂದ ನಾವು ಸಾವಿರಾರು ಶಬ್ದಗಳನ್ನು ಪಡೆದೆವು. ಅವುಗಳ ಸಂಗಡ ಪ್ರ, ಪರಾ, ಅಪ, ಸಮ್, ಅನು, ಅವ ಮೊದಲಾದ 22 ಉಪಸರ್ಗಗಳೂ ಬಂದವು. ನಮ್ಮ ಭೀಮಾನದಿಯನ್ನೇ ಉದಾಹರಣೆಗೆ ಕೊಡುತ್ತೇವೆ. 'ಗಮ್' ಎಂದರೆ ಹೋಗು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಭೀಮೆಯ ಉಗಮ, ಅಂದರೆ 'ಉತ್' ಸೇರಿ ಮೇಲೆದ್ದು ಬರುವುದು. ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯೊಡನೆ ಅದರ ಸಂಗಮ, ಅಂದರೆ 'ಸಮ್' ಸೇರಿ ಒಂದಾಗಿ ಹೋಗುವುದು. ದಾರಿ ಒಳ್ಳೆಯದಿದ್ದರೆ ಸುಗಮ, ಕಠಿಣವಾದರೆ ದುರ್ಗಮ. ಒಂದೇ ಧಾತು, ತಲೆ ಬದಲಾದಂತೆ ಬೇರೆ ಬೇರೆ ಅರ್ಥ. ಇದನ್ನು ಎಂಟನೆಯ ಇಯತ್ತೆಯ ಹುಡುಗಿ ಗಟಗಟನೆ ಹೇಳುತ್ತಾಳೆ. ಅದೇ ಹುಡುಗಿ ಮುಂದಿನ ತಾಸಿನಲ್ಲಿ ಇಂಗ್ಲಿಷು ಪುಸ್ತಕ ತೆರೆದೊಡನೆ ತನಗೆ ಇದು ಗೊತ್ತೆಂಬುದನ್ನು ಮರೆಯುತ್ತಾಳೆ.

ಆ ಕೂಡಲದಲ್ಲಿಯೇ ಇನ್ನೂ ಕೊಂಚ ಹೊತ್ತು ನಿಲ್ಲೋಣ. (ಬಸವಣ್ಣನವರ ಕೂಡಲಸಂಗಮ ಬೇರೆ, ಅದು ಕೃಷ್ಣಾ ಮಲಪ್ರಭೆಗಳ ಕೂಟ.) ಊರಿನ ಹೆಸರು 'ಕೂಡಲ', ಅಚ್ಚ ಕನ್ನಡ, 'ಕೂಡು' ಎಂಬ ಧಾತುವಿನಿಂದ ಬಂದದ್ದು. ಅಲ್ಲಿಯ ದೇವರು ಸಂಗಮೇಶ್ವರ, ಸಂಸ್ಕೃತ ನಾಮ. ಅದೇ ದೇವಾಲಯದಲ್ಲಿ ದೊರೆತಿರುವುದು ಕ್ರಿ. ಶ. 1018ರ ಮರಾಠಿ ಬರಹ. ಕಾಲ ನಮೂದಿಸಿದ ಮರಾಠಿ ಶಾಸನಗಳಲ್ಲಿ ಅತಿ ಹಳೆಯವುಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಕನ್ನಡ ಹೆಸರಿನ ಊರಿನಲ್ಲಿ ಮರಾಠಿಯ ಆದಿಯ ಅಕ್ಷರಗಳು! ಗಡಿಯ ಜಗಳವಾಡುವವರು ಒಮ್ಮೆ ಹೋಗಿ ನೋಡಿಬರತಕ್ಕ ಸ್ಥಳ ಅದು. ಇಂಗ್ಲಿಷಿನವರು ಅಂಥ ಸ್ಥಳಕ್ಕೆ 'ಕಾನ್‌ಫ್ಲುಯೆನ್ಸ್' ಎನ್ನುತ್ತಾರೆ. 'ಫ್ಲು' ಎಂದರೆ ಹರಿ, 'ಕಾನ್' ಎಂದರೆ ಕೂಡಿ. ಸಂ-ಗಮ, ಕಾನ್-ಫ್ಲುಯೆನ್ಸ್. ಒಂದು ಕೂಡಿ ಹೋಗುವುದು, ಇನ್ನೊಂದು ಕೂಡಿ ಹರಿಯುವುದು.

ಈ 'ಕಾನ್' ಎಂಬುದರ ಬಳಗ ನಮ್ಮ ಊರಿನಲ್ಲಿ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಅಕ್ಕಲಕೋಟೆಯ ಬಸ್ಸು ಹತ್ತಿದೊಡನೆ ಕಂಡಕ್ಟರು: ಎಲ್ಲರನ್ನೂ ಕೂಡಿಸಿ ಒಯ್ಯುವವನು. ಜಿಲ್ಲೆಗೆ ಕಲೆಕ್ಟರು: ಕೂಡಿಸಿ ಸಂಗ್ರಹಿಸುವವನು, ಮೊದಲು ಆತನು ಸಂಗ್ರಹಿಸುತ್ತಿದ್ದುದು ಕಂದಾಯವನ್ನು. ಕಮಿಟಿ, ಕಾಂಗ್ರೆಸ್, ಕನೆಕ್ಷನ್, ಕೋ-ಆಪರೇಟಿವ್ ಸೊಸೈಟಿ, ಇವೆಲ್ಲವೂ ಅದೇ ಬಳಗ. 'ಕಂಪನಿ' ಎಂಬುದು ಇವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು. ಲ್ಯಾಟಿನ್ ಭಾಷೆಯಲ್ಲಿ 'ಪಾನಿಸ್' ಎಂದರೆ ರೊಟ್ಟಿ. ಕೂಡಿ ರೊಟ್ಟಿ ತಿನ್ನುವವರದು ಕಂಪನಿ! ಕಡಕ್ ರೊಟ್ಟಿಯ ನಾಡಿನ ಮಕ್ಕಳು ಈ ಅರ್ಥವನ್ನು ಒಮ್ಮೆ ಕೇಳಿದರೆ ಸಾಯುವತನಕ ಮರೆಯಲಾರರು. ನಮ್ಮ 'ಸಮ್' ಎಂಬುದರ ಬಳಗವೂ ಚಿಕ್ಕದಲ್ಲ: ಸಂಘ, ಸಂಸ್ಥೆ, ಸಮ್ಮೇಳನ, ಸಂಗೀತ, ಸಂಪರ್ಕ. ಅರ್ಥದಲ್ಲಿ 'ಕಾನ್'ಗೂ 'ಸಮ್'ಗೂ ಸ್ನೇಹವುಂಟು. ಹುಟ್ಟು ಮಾತ್ರ ಬೇರೆ ಬೇರೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಮಕ್ಕಳು ಕೇಳುವ ಪ್ರಶ್ನೆಯೊಂದುಂಟು. ಒಂದೇ ಉಪಸರ್ಗವಾದರೆ ಒಮ್ಮೆ 'ಕಾನ್', ಒಮ್ಮೆ 'ಕಾಂ', ಒಮ್ಮೆ 'ಕಲ್', ಒಮ್ಮೆ 'ಕರ್' ಎಂದು ವೇಷ ಹಾಕುವುದೇಕೆ? ಇದಕ್ಕೆ ಇಂಗ್ಲಿಷು ಮಾಸ್ತರರಿಗಿಂತ ಮೊದಲು ಕನ್ನಡ ಮಾಸ್ತರರು ಉತ್ತರ ಕೊಡಬಲ್ಲರು, ಏಕೆಂದರೆ ಇದು ಸಂಧಿ! ಸಮ್ ಎಂಬುದು ಕಲ್ಪದೊಡನೆ ಸೇರಿದಾಗ ಸಂಕಲ್ಪ, ಚಾರದೊಡನೆ ಸಂಚಾರ, ತೋಷದೊಡನೆ ಸಂತೋಷ, ಪೂರ್ಣದೊಡನೆ ಸಂಪೂರ್ಣ. ನಾವು ಎಲ್ಲಕ್ಕೂ ಒಂದೇ ಸೊನ್ನೆ ಬರೆದು ಮುಗಿಸುತ್ತೇವೆ. ಉಚ್ಚಾರ ಮಾಡುವಾಗ ಮುಂದಿನ ಅಕ್ಷರದ ವರ್ಗಕ್ಕೆ ತಕ್ಕಂತೆ ಮೂಗಿನ ಧ್ವನಿ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಸೊನ್ನೆಯ ಸೌಕರ್ಯವಿಲ್ಲ, ಪಾಪ, ಬದಲಾದುದನ್ನೆಲ್ಲ ಬಿಡಿಸಿ ಬರೆಯಬೇಕು. ಪ, ಬ, ಮ ಬಂದಾಗ 'ಕಾಂ', ಲ ಬಂದಾಗ 'ಕಲ್', ರ ಬಂದಾಗ 'ಕರ್'. ನಿಷೇಧದ 'ಇನ್' ಸಹ ಹಾಗೆಯೇ ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್ ಎಂದು ರೂಪ ಬದಲಿಸುತ್ತದೆ. ಸಂಧಿಯನ್ನು ಬಲ್ಲ ಮಗುವಿಗೆ ಕಾಗುಣಿತದ ಅರ್ಧ ಕಷ್ಟ ಇಲ್ಲಿಗೇ ಕಳೆಯಿತು.

ಇಷ್ಟು ಹೋಲಿಕೆ ಕೇವಲ ಆಕಸ್ಮಿಕವೆ? ಕಲಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು 1786ರಲ್ಲಿ ಅಲ್ಲಿಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಒಡೆದು ಬಂದಿರಬೇಕೆಂದು ಹೇಳಿದನು. ಮುಂದಿನ ಪಂಡಿತರು ಅದನ್ನು ಸ್ಥಿರಪಡಿಸಿದರು. ಇಂಗ್ಲಿಷಿನ ಪಾಂಡಿತ್ಯದ ಶಬ್ದಗಳಲ್ಲಿ ಬಹುಪಾಲು ಗ್ರೀಕ್ ಲ್ಯಾಟಿನ್‌ಗಳಿಂದ ಬಂದವು. ಆದುದರಿಂದ ಅವುಗಳ ತಲೆಗಳು ನಮ್ಮ ಉಪಸರ್ಗಗಳಿಗೆ ದಾಯಾದಿಗಳು. ಕನ್ನಡವು ಆ ಮನೆತನದ್ದಲ್ಲವಾದರೂ ಸಂಸ್ಕೃತದ ಸಹವಾಸದಿಂದ ಆ ಮನೆಯ ಕೀಲಿ ನಮ್ಮ ಸೆರಗಿನಲ್ಲಿಯೂ ಇದೆ.

ಗಣಿತದ ತಾಸಿನಲ್ಲಿ ಬರುವ 'ಪೆರಿಮೀಟರ್' ನೋಡಿರಿ. 'ಪೆರಿ' ಎಂದರೆ ನಮ್ಮ 'ಪರಿ', ಸುತ್ತಲೂ. 'ಮೀಟರ್' ಎಂದರೆ ಅಳತೆ, 'ಮಿತಿ'ಯ ಸಂಬಂಧಿ. ಮರಾಠಿ ಗಣಿತದಲ್ಲಿ ಅದಕ್ಕೆ 'ಪರಿಮಿತಿ' ಎಂದೇ ಹೆಸರು. ಕನ್ನಡದಲ್ಲಿ ಸುತ್ತಳತೆ. ಮೂರು ಭಾಷೆಗಳೂ ಒಂದೇ ಹೊಲದ ಬದುವಿನ ಮೇಲೆ ನಡೆದು ಬಂದಂತಾಯಿತು. ಹೊಲವನ್ನು ಕಂಡ ಮಗುವಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕೆ? 'ಅನಾರ್ಕಿ' ಎಂದರೆ ಅರಾಜಕತೆ: ತಲೆಯಲ್ಲಿ ಅಲ್ಲಿ 'ಅನ್', ಇಲ್ಲಿ 'ಅ'. ಸ್ವರ ಬಂದಾಗ 'ಅನ್', ವ್ಯಂಜನ ಬಂದಾಗ 'ಅ' ಎಂಬುದು ಅನಂತ, ಅಶಕ್ತ ಎಂಬಲ್ಲಿ ನಾವು ಕಲಿತ ನಿಯಮ, ಗ್ರೀಕರದೂ ಅದೇ. 'ಇಂಟರ್' ಎಂಬುದು 'ಅಂತರ್'. ಇಂಟರ್‌ನೆಟ್ಟಿಗೆ ಅಂತರ್ಜಾಲವೆಂದು ಹೆಸರಿಟ್ಟವರು ಬಲ್ಲವರು. 'ಬೈಸಿಕಲ್' ದ್ವಿಚಕ್ರ; ಅಲ್ಲಿಯ 'ಸೈಕಲ್' ನಮ್ಮ ಚಕ್ರದ ದೂರದ ತಮ್ಮನೇ. ಬೆಳೆಸುತ್ತ ಹೋದರೆ ಸಭೆ ಮುಗಿಯಲಾರದು. ಮುಖ್ಯವಾದ ಒಂದಕ್ಕೆ ಬರುತ್ತೇವೆ.

ಮುಖ್ಯವೆಂದುದೇಕೆಂದರೆ ಅದರಲ್ಲಿ ಪರೀಕ್ಷೆಯ ಗುಣಗಳಿಗಿಂತ ದೊಡ್ಡದೊಂದು ಅಡಗಿದೆ. ಸೋಲಾಪುರವು ದವಾಖಾನೆಗಳ ಊರು. ಅಕ್ಕಲಕೋಟೆ, ಇಂಡಿ, ಅಫಜಲಪುರ, ಆಳಂದಗಳ ಕನ್ನಡ ಜನರು ರೋಗಿಯನ್ನು ಕರೆದುಕೊಂಡು ಇಲ್ಲಿಗೇ ಬರುತ್ತಾರೆ. ವೈದ್ಯರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ, ಬಲ್ಲವರಾದರೆ ಕನ್ನಡದಲ್ಲಿಯೋ ಮಾತನಾಡಿಸುತ್ತಾರೆ. ಕಾಗದದ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ. ಊರಿಗೆ ಹೋದ ಮೇಲೆ ಆ ಕಾಗದವನ್ನು ಓದಿ ಹೇಳುವವರಾರು? ಕನ್ನಡ ಶಾಲೆಯ ಒಂಬತ್ತನೆಯ ಇಯತ್ತೆಯ ಮೊಮ್ಮಗ. ಅಜ್ಜಿಯ ಚೀಟಿಯಲ್ಲಿ 'ಹೈಪರ್' ಎಂದಿದೆಯೋ 'ಹೈಪೊ' ಎಂದಿದೆಯೋ ಎಂಬುದನ್ನು ಅವನು ಓದಿ ಹೇಳಬೇಕು. ಕೇಳುವ ಕಿವಿಗೆ ಎರಡೂ ಬಹುಮಟ್ಟಿಗೆ ಒಂದೇ. ಉದ್ದನೆಯ ಬಾಲವು ಇಬ್ಬರದೂ ಒಂದೇ. ಬಾಲವನ್ನು ನೋಡುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕ್ಕೆ ಎಡೆಗೊಡುತ್ತದೆ.

ಗ್ರೀಕಿನ 'ಹೈಪರ್' ಎಂಬುದು ಸಂಸ್ಕೃತದ 'ಉಪರಿ', ಮೇಲೆ, ಹೆಚ್ಚು. ಲ್ಯಾಟಿನ್ನಿನಲ್ಲಿ ಅದೇ 'ಸೂಪರ್' ಆಯಿತು. ಸೂಪರ್‌ವೈಜರ್ ಎಂದರೆ ಮೇಲಿನಿಂದ ನೋಡುವವನು, ನಮ್ಮ ಮೇಲ್ವಿಚಾರಕ. ಗ್ರೀಕಿನ 'ಹೈಪೊ' ಎಂಬುದು ಸಂಸ್ಕೃತದ 'ಉಪ', ಕೆಳಗೆ, ಕಡಮೆ. ಲ್ಯಾಟಿನ್ನಿನಲ್ಲಿ ಅದು 'ಸಬ್'. ಪೋಲೀಸು ಸಬ್-ಇನ್‌ಸ್ಪೆಕ್ಟರರಿಗೆ ಮರಾಠಿ ಫಲಕದಲ್ಲಿ ಉಪನಿರೀಕ್ಷಕ ಎಂದಿರುವುದನ್ನು ದಿನವೂ ನೋಡುತ್ತೇವೆ. 'ಉಪ'ಕ್ಕೆ ಹತ್ತಿರವೆಂಬ ಅರ್ಥವೂ ಉಂಟು. ಅಧ್ಯಕ್ಷನ ಹತ್ತಿರ, ಆದರೆ ಒಂದು ಮೆಟ್ಟಿ ಕೆಳಗೆ ಇರುವವನು ಉಪಾಧ್ಯಕ್ಷ. ಇಷ್ಟು ತಿಳಿದ ಮೇಲೆ ಕೆಲಸ ಸುಲಭ. ಉಪರಿ ಎಂಬಲ್ಲಿ ರಕಾರವಿದೆ, ಹೈಪರ್ ಎಂಬಲ್ಲಿಯೂ ರಕಾರವಿದೆ, ರಕಾರವಿದ್ದದ್ದು ಮೇಲೆ. ಉಪದಲ್ಲಿ ಇಲ್ಲ, ಹೈಪೊದಲ್ಲಿಯೂ ಇಲ್ಲ; ಇಲ್ಲದ್ದು ಕೆಳಗೆ.

ಸಕ್ಕರೆ ರೋಗದವರ ಮನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 'ಹೈಪರ್‌ಗ್ಲೈಸೀಮಿಯಾ' ಎಂದರೆ ರಕ್ತದಲ್ಲಿ ಸಿಹಿ ಮೇಲೇರಿದೆ. 'ಹೈಪೊಗ್ಲೈಸೀಮಿಯಾ' ಎಂದರೆ ಸಿಹಿ ಇಳಿದುಬಿಟ್ಟಿದೆ. ಆಗ ಬೆವರು, ನಡುಕ, ಕಣ್ಣು ಕತ್ತಲೆ ಬಂದು, ತಡಮಾಡಿದರೆ ಎಚ್ಚರ ತಪ್ಪುವ ಭಯ. ಎರಡನೆಯದರಲ್ಲಿ ಎಚ್ಚರವಿರುವ ರೋಗಿಗೆ ಕೂಡಲೆ ಸಕ್ಕರೆಯನ್ನೋ ಗ್ಲೂಕೋಸನ್ನೋ ಕೊಡಬೇಕು, ಎಚ್ಚರ ತಪ್ಪಿದ್ದರೆ ಬಾಯಲ್ಲಿ ಏನನ್ನೂ ಹಾಕದೆ ದವಾಖಾನೆಗೆ ಓಡಬೇಕು ಎಂದು ವೈದ್ಯರು ಹೇಳುತ್ತಾರೆ. ಮೊದಲನೆಯದರಲ್ಲಿ ಸಕ್ಕರೆ ಕೊಡುವುದು ಅಪಾಯವನ್ನು ಹೆಚ್ಚಿಸಿದಂತೆ. ರಕ್ತದೊತ್ತಡ ಏರಿದವರಿಗೆ 'ಹೈಪರ್‌ಟೆನ್ಷನ್', ಇಳಿದವರಿಗೆ 'ಹೈಪೊಟೆನ್ಷನ್'. ಗಂಟಲಿನ ಥೈರಾಯ್ಡ್ ಗ್ರಂಥಿಯ ಕೆಲಸ ಹೆಚ್ಚಾದರೂ ಕಡಮೆಯಾದರೂ ಇದೇ ಎರಡು ತಲೆಗಳು; ಒಂದರ ಗುಳಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ. 'ಗ್ಲೈಸೀಮಿಯಾ'ದ ಕೊನೆಯಲ್ಲಿರುವ 'ಈಮಿಯಾ' ಎಂದರೆ ರಕ್ತದ ಸ್ಥಿತಿ. ಅದೇ 'ಅನ್' ಸೇರಿ ಅನೀಮಿಯಾ, ರಕ್ತಹೀನತೆ. 'ಡಿಸೆಂಟ್ರಿ'ಯ 'ಡಿಸ್' ನಮ್ಮ 'ದುಸ್', 'ಎಂಟರಾ' ಎಂಬುದು 'ಅಂತ್ರ', ಅಂದರೆ ಕರುಳು. ಕರುಳು ಕೆಟ್ಟದ್ದು ಎಂದಾಯಿತು. ಈ ಶಬ್ದಗಳನ್ನು ಕಂಡು ಅಂಜಿದ ಮಗುವಿಗೆ ಇವು ನಮ್ಮ ವ್ಯಾಕರಣದ ಪುಟದಿಂದಲೇ ಎದ್ದುಬಂದವುಗಳಂತೆ ತೋರಬೇಕು. ಹಾಗೆಂದು ಮೊಮ್ಮಗನು ವೈದ್ಯನಾಗಲಾರನು. ಚೀಟಿಯನ್ನು ಸರಿಯಾಗಿ ಓದಿದರೆ ಸಾಕು, ಸಂಶಯ ಬಂದರೆ ವೈದ್ಯರನ್ನು ಕೇಳಲು ಏನು ಕೇಳಬೇಕೆಂಬುದಾದರೂ ಅವನಿಗೆ ತಿಳಿಯುತ್ತದೆ.

ಇನ್ನು ಎಚ್ಚರಿಕೆಯ ಮಾತು. ತಲೆಯಂತೆ ತೋರುವುದೆಲ್ಲ ತಲೆಯಲ್ಲ. 'ಪೋಸ್ಟ್' ಎಂದರೆ ನಂತರ ಎಂದು ಕಲಿತ ಹುಡುಗನೊಬ್ಬನು ಪೋಸ್ಟ್‌ಮ್ಯಾನ್ ಎಂದರೆ ತಡವಾಗಿ ಬರುವ ಮನುಷ್ಯ ಎಂದು ಬರೆದನು. ಅಂಚೆಯ ಅನುಭವವಿದ್ದವರು ಅವನಿಗೆ ಗುಣ ಕೊಟ್ಟಾರು! ಪೋಸ್ಟ್‌ಮಾರ್ಟಂ ಎಂಬಲ್ಲಿ 'ಪೋಸ್ಟ್' ನಂತರವೆಂಬ ಅರ್ಥದ್ದು ಹೌದು, ಸತ್ತ ನಂತರದ ಪರೀಕ್ಷೆ. ಅಂಚೆಯ ಪೋಸ್ಟ್ ಬೇರೆ, ಅದು ದಾರಿಯಲ್ಲಿ ಇರಿಸಿದ ಠಾಣೆ ಎಂಬ ಅರ್ಥದಿಂದ ಬಂದದ್ದು. 'ಅಂಕಲ್' ಎಂಬುದರಲ್ಲಿ ನಿಷೇಧದ 'ಅನ್' ಇಲ್ಲ. ಲ್ಯಾಟಿನ್ನಿನಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ, ಅಂದರೆ ನಮ್ಮ ಸೋದರಮಾವನಿಗೆ, ಇದ್ದ ಹೆಸರು ಸವೆದು ಹಾಗಾಯಿತು. (ಈಗ ಹಾಲಿನವನೂ ಅಂಕಲ್, ಪಕ್ಕದ ಮನೆಯವನೂ ಅಂಕಲ್, ಮಾವ, ಕಾಕಾ, ದೊಡ್ಡಪ್ಪ ಎಂಬ ಭೇದಗಳನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆ. ಅದು ಬೇರೆ ದಿನದ ವಿಷಯ.) ಕನ್ನಡದಲ್ಲಿಯೂ ಈ ಬಲೆಯುಂಟು: 'ಅರಸ' ಎಂದರೆ ರಸವಿಲ್ಲದವನು ಎಂದು ಬಿಡಿಸಿದರೆ ಏನಾದೀತು? ಆದುದರಿಂದ ನಾವು ಮಕ್ಕಳಿಗೆ ಎರಡು ಪರೀಕ್ಷೆಗಳನ್ನು ಹೇಳಿಕೊಡುತ್ತೇವೆ. ತಲೆ ತೆಗೆದ ಮೇಲೆ ಉಳಿದದ್ದಕ್ಕೆ ಅರ್ಥವಿರಬೇಕು. ಆ ಅರ್ಥಕ್ಕೂ ಇಡಿಯ ಶಬ್ದಕ್ಕೂ ಸಂಬಂಧವಿರಬೇಕು. ಅರಸನು ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಬೀಳುತ್ತಾನೆ.

ಎರಡು ಪರೀಕ್ಷೆಗಳಿಂದಲೂ ಹಿಡಿಯಲಾಗದ ಒಂದೆರಡು ಉಳಿಯುತ್ತವೆ. ಹೆದ್ದಾರಿಯಲ್ಲಿ ಹೋಗುವ ಪೆಟ್ರೋಲು ಟ್ಯಾಂಕರಿನ ಹಿಂದೆ 'ಇನ್‌ಫ್ಲೇಮೆಬಲ್' ಎಂದು ಬರೆದಿರುವುದುಂಟು. ಇನ್ ಎಂದರೆ ಇಲ್ಲ ಎಂದಷ್ಟೇ ಕಲಿತವನು ಅದನ್ನು ಬೆಂಕಿ ಹತ್ತಲಾರದ್ದು ಎಂದು ತಿಳಿದಾನು. ಅರ್ಥ ನೇರವಾಗಿ ವಿರುದ್ಧ, ಬೇಗನೆ ಹೊತ್ತಿಕೊಳ್ಳುವುದು ಎಂದು! ಅಲ್ಲಿಯ 'ಇನ್' ನಿಷೇಧದ್ದಲ್ಲ, ಒಳಗೆ ಎಂಬರ್ಥದ ಮತ್ತೊಂದು. ಈ ಗೊಂದಲ ಬೇಡವೆಂದು ಅನೇಕ ಕಡೆ 'ಫ್ಲೇಮೆಬಲ್' ಎಂದೇ ಬರೆಯುವ ರೂಢಿ ಬಂದಿದೆ. 'ಇನ್‌ವ್ಯಾಲ್ಯುಬಲ್' ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇದನ್ನು ತಿಳಿಸಲು ನಾವು 'ಅಮೂಲ್ಯ' ಎಂಬ ಶಬ್ದವನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇವೆ. ಮಕ್ಕಳೇ ಉಳಿದುದನ್ನು ಹೇಳುತ್ತಾರೆ.

ಗಡಿಯ ಮಕ್ಕಳಿಗೆ ಮಾತ್ರ ಎದುರಾಗುವ ಇನ್ನೊಂದು ತೊಡಕಿದೆ. ತಲೆಯೂ ಒಂದೇ, ಧಾತುವೂ ಒಂದೇ, ಭಾಷೆ ದಾಟಿದೊಡನೆ ಅರ್ಥ ಬೇರೆ. ಕನ್ನಡದಲ್ಲಿ 'ಅನುಮಾನ' ಎಂದರೆ ಸಂಶಯ. ಮರಾಠಿಯಲ್ಲಿ ಊಹಿಸಿ ಕಂಡುಕೊಂಡ ನಿರ್ಣಯ. ಕನ್ನಡದ 'ಅವಕಾಶ' ಸಂದರ್ಭ, ಆಸ್ಪದ. ಮರಾಠಿಯ ಅವಕಾಶ ಬಿಡುವು, ಸಮಯ, ಬಾಹ್ಯಾಕಾಶ. ನಾವು ಈಗ ಮಾಡುತ್ತಿರುವುದು 'ಉಪನ್ಯಾಸ'. ಹಿಂದಿಯ ಪಾಠದಲ್ಲಿ ಉಪನ್ಯಾಸವೆಂದರೆ ಕಾದಂಬರಿ. (ಇದು ಕಾದಂಬರಿಯಷ್ಟು ಉದ್ದವಾಗುತ್ತಿದೆ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿರುವಂತಿದೆ.) ಖಾನಾವಳಿಗಳ ಫಲಕಗಳಲ್ಲಿ 'ಉಪಹಾರ' ಎಂದು ಬರೆಯುತ್ತಾರೆ, ಅದಕ್ಕೆ ಕಾಣಿಕೆ ಎಂದರ್ಥ. ತಿನ್ನುವುದು 'ಉಪಾಹಾರ', ಉಪ ಮತ್ತು ಆಹಾರ. ಕನ್ನಡದವರೂ ಮರಾಠಿಯವರೂ ಈ ಒಂದು ದೀರ್ಘವನ್ನು ನುಂಗುವುದರಲ್ಲಿ ಮಾತ್ರ ಒಗ್ಗಟ್ಟಾಗಿದ್ದಾರೆ.

ಇಷ್ಟರಿಂದ ಕನ್ನಡಕ್ಕೆ ತನ್ನದೆಂಬ ತಲೆಯೇ ಇಲ್ಲವೆಂದು ಯಾರೂ ತಿಳಿಯಬಾರದು. ಉಪಸರ್ಗವೆನ್ನಲಾಗದಿದ್ದರೂ ಸಮಾಸದಲ್ಲಿ ಪೂರ್ವಪದವಾಗಿ ನಿಂತು ಅದೇ ಕೆಲಸ ಮಾಡುವ ಅಚ್ಚಗನ್ನಡದ ಪದಗಳು ಬೇಕಾದಷ್ಟಿವೆ. ಮುಂಬಾಗಿಲು, ಮುಂಗೈ, ಮುಂಗಡ, ಮುಂಗೋಪ, ಹಿಂಬಾಗಿಲು, ಹಿಂಗೈ, ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು, ಕಿರುಬೆರಳು, ಕಿರುನಗೆ, ಇಮ್ಮಡಿ, ಮುಮ್ಮಡಿ, ಮರುದಿನ, ಮರುಹುಟ್ಟು. ಇವನ್ನು ಕಲಿಯಲು ಶಾಲೆಗೆ ಬರಬೇಕಾಗಿಯೇ ಇಲ್ಲ. ನಮ್ಮ ಜಿಲ್ಲೆ ಹಿಂಗಾರಿ ಜೋಳದ ಜಿಲ್ಲೆ. ಮುಂಗಾರಿ ಯಾವುದು, ಹಿಂಗಾರಿ ಯಾವುದು ಎಂಬುದನ್ನು ಅಕ್ಕಲಕೋಟೆಯ ಯಾವ ರೈತನ ಮಗಳೂ ತಪ್ಪಿ ಹೇಳಳು. ಕಾರು ಎಂದರೆ ಮಳೆಗಾಲ. ಅದು ಮುನ್ನಿನದು, ಇದು ಹಿನ್ನಿನದು. ಕಕಾರವು ಗಕಾರವಾದುದು ಆದೇಶಸಂಧಿ. ಆ ಹುಡುಗಿಗೆ 'ಪ್ರಿ' ಎಂದರೆ ಮುಂ, 'ಪೋಸ್ಟ್' ಎಂದರೆ ಹಿಂ ಎಂದು ಹೇಳಿ ನೋಡಿರಿ. ಪ್ರಿಪೇಡ್ ಎಂದರೆ ಮುಂಗಡ ಕೊಟ್ಟದ್ದು, ಪೋಸ್ಟ್‌ಪೇಡ್ ಎಂದರೆ ಬಳಸಿದ ಮೇಲೆ ಕೊಡುವುದು ಎಂದು ಅವಳೇ ತಂದೆಯ ಮೊಬೈಲಿನ ಲೆಕ್ಕ ಹೇಳುತ್ತಾಳೆ. 'ರಿಚಾರ್ಜ್' ಎಂಬಲ್ಲಿಯ 'ರಿ' ನಮ್ಮ 'ಮರು' ಎಂಬುದನ್ನೂ ತಾನೇ ಕಂಡುಹಿಡಿಯುತ್ತಾಳೆ.

ತಂದೆತಾಯಿಗಳಲ್ಲಿ ನಮ್ಮ ಒಂದು ಬಿನ್ನಹ. ದಾಖಲೆ ಕೇಳಲು ಬರುವ ಮೊದಲು ಒಂದು ವರ್ಷ ಇದನ್ನು ಮನೆಯಲ್ಲಿ ನಡೆಸಿ ನೋಡಬೇಕು. ಒಂದು ನೂರು ಪುಟದ ವಹಿ ಸಾಕು. ಪ್ರತಿ ಪುಟದ ನೆತ್ತಿಯ ಮೇಲೆ ಒಂದು ಇಂಗ್ಲಿಷು ತಲೆ, ಅದರ ಬದಿಗೆ ಅದಕ್ಕೆ ಸರಿಯಾದ ಸಂಸ್ಕೃತದ ಉಪಸರ್ಗ ಅಥವಾ ಕನ್ನಡದ ಪೂರ್ವಪದ. ಕೆಳಗೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಔಷಧದ ಪೊಟ್ಟಣದ ಮೇಲೆ ಕಂಡ ಶಬ್ದಗಳು. ವಾರಕ್ಕೆ ಒಂದೇ ತಲೆ, ಹೆಚ್ಚು ಬೇಡ. ಇಂಗ್ಲಿಷು ಬಾರದ ತಾಯಿಯೂ ಇದರಲ್ಲಿ ಪಾಲುಗೊಳ್ಳಬಹುದು, ಏಕೆಂದರೆ ಬಲಗಡೆಯ ಕನ್ನಡವನ್ನು ಮಗುವಿಗಿಂತ ಆಕೆಯೇ ಚೆನ್ನಾಗಿ ಬಲ್ಲಳು. ಬಿಡಿಸಲು ಬಾರದ ಶಬ್ದಗಳಿಗೆ ಕೊನೆಯ ನಾಲ್ಕು ಪುಟಗಳನ್ನು ಖಾಲಿ ಬಿಟ್ಟು, ಅವನ್ನು ಶಾಲೆಗೆ ತಂದು ಕೇಳಲು ಹೇಳಿರಿ. ಮೊದಲನೆಯ ವಾರಕ್ಕೆ ಹೈಪರ್, ಹೈಪೊ ಎರಡನ್ನೂ ಒಂದೇ ಪುಟದಲ್ಲಿ ಇಟ್ಟುಕೊಳ್ಳಬಹುದು. ಅಜ್ಜ ಅಜ್ಜಿಯರ ಔಷಧದ ಚೀಟಿ ಯಾರ ಮನೆಯಲ್ಲಿ ಇಲ್ಲ?